ಮೆಟ್ಟಿಲ ಕೆಳಗಿನ ಪೌಡರ್ ರೂಮ್: ಕಂದು ಗೋಡೆ ಒಣಗಿತು

ಪೌಡರ್ ರೂಮ್, ಅಂದರೆ ಸ್ನಾನದ ಜಾಗ ಇಲ್ಲದ ಚಿಕ್ಕ ಟಾಯ್ಲೆಟ್. ಅದರ ಗೋಡೆಯ ಸುಣ್ಣದ ಗಾರೆ ಕೊನೆಗೂ ಪೂರ್ತಿ ಒಣಗಿದೆ. ಹಚ್ಚಿದ ದಿನ ಫಿಲ್ಟರ್ ಡಿಕಾಕ್ಷನ್ ಥರ ಕಪ್ಪಗಿತ್ತು. ಈಗ ಬೆಚ್ಚನೆಯ ತಿಳಿ ಕಂದಿಗೆ ಬಂದು ನಿಂತಿದೆ. ಸುಣ್ಣದ ಗಾರೆ ಒಣಗಿದಾಗ ಬಣ್ಣ ಬಹಳ ತಿಳಿಯಾಗುತ್ತದೆ. ಅದಕ್ಕೇ ಮೊದಲು ಸಿಮೆಂಟ್ ಬೋರ್ಡಿನ ತುಂಡುಗಳ ಮೇಲೆ ಸ್ಯಾಂಪಲ್ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಬಣ್ಣ ಆರಿಸಿದ್ದು.

ಜಾಗ ಚಿಕ್ಕದು. ಮೂರೂವರೆ ಅಡಿ ಅಗಲ, ಆರು ಅಡಿ ಉದ್ದ. ಒಂದು ಕಮೋಡ್, ಒಂದು ಬೇಸಿನ್, ಅಷ್ಟೇ. ಕಿಟಕಿ ಇಲ್ಲ. ಚಿಕ್ಕ ರೂಮಿಗೆ ಬಿಳಿ ಹೊಡೆಸಿ, ದೊಡ್ಡದಾಗಿ ಕಾಣುತ್ತೆ ಅಂತ ಎಲ್ಲರೂ ಹೇಳಿದರು. ಆದರೆ ಹಗಲ ಬೆಳಕೇ ಬಾರದ ಕಡೆ ಬಿಳಿ ಗೋಡೆ ಮಂಕಾಗಿ ಬೂದು ಹೊಡೆಯುತ್ತದೆ. ನಾಲ್ಕೂ ಗೋಡೆಗೆ, ಸೀಲಿಂಗಿಗೂ ಒಂದೇ ಕಂದು ಬಳಿದರೆ ಮೂಲೆಗಳು ಕಣ್ಣಿಗೆ ಬೀಳುವುದಿಲ್ಲ. ಈಗ ನೋಡಿದರೆ ರೂಮು ಇಕ್ಕಟ್ಟು ಅನ್ನಿಸುವುದೇ ಇಲ್ಲ.

ಬಣ್ಣಕ್ಕೆ ಹಾಕಿದ್ದು ಐರನ್ ಆಕ್ಸೈಡ್. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಬಣ್ಣವೂ ಇದೇ ಜಾತಿಯದು. ಸುಣ್ಣದ ಕ್ಷಾರಕ್ಕೆ ಬೇರೆ ಎಷ್ಟೋ ಬಣ್ಣಗಳು ಮಾಸಿಹೋಗುತ್ತವೆ, ಇದು ಜಗ್ಗುವುದಿಲ್ಲ. ಹಾಗಂತ ಸುರಿಯುವ ಹಾಗೂ ಇಲ್ಲ. ಬಣ್ಣ ಜಾಸ್ತಿಯಾದರೆ ಗಾರೆ ಬಲ ಕಳೆದುಕೊಂಡು ಪುಡಿ ಉದುರುತ್ತದೆ.

ಇನ್ನು ಲೈಟು. ನನ್ನ ಮಟ್ಟಿಗೆ ಕಂದು ಗೋಡೆಯ ಅರ್ಧ ಕೆಲಸ ಇಲ್ಲೇ ಇದೆ. ಎಲೆಕ್ಟ್ರಿಷಿಯನ್ ತಂದಿದ್ದ 6500 ಕೆಲ್ವಿನ್ ಬಲ್ಬ್ (ನೀಲಿ ಛಾಯೆಯ ಬಿಳಿ ಬೆಳಕು) ಹಾಕಿದ ತಕ್ಷಣ ಗೋಡೆ ಕೆಸರಿನ ಬಣ್ಣಕ್ಕೆ ತಿರುಗಿತು. 2700 ಕೆಲ್ವಿನ್ನಿನ, ಅಂದರೆ ಹಳದಿ ಬೆಳಕಿನ ಬಲ್ಬ್ ಹಾಕಿದೆವು, ಅದೇ ಗೋಡೆಗೆ ಜೀವ ಬಂತು. ಕಂದು ಅಂದರೆ ಮೂಲದಲ್ಲಿ ಗಾಢವಾದ ಕಿತ್ತಳೆಯೇ ಅಲ್ವಾ? ನೀಲಿ ಛಾಯೆಯ ಬೆಳಕಿನಲ್ಲಿ ಆ ಕೆಂಪು, ಕಿತ್ತಳೆ ಅಂಶ ಮೇಲೇಳುವುದಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿದೆಯಾ ಅಂತಲೂ ನೋಡಿ. ಕನ್ನಡಿಯ ಎರಡೂ ಪಕ್ಕ ಮುಖದ ಎತ್ತರಕ್ಕೆ ಒಂದೊಂದು ದೀಪ ಬರುತ್ತದೆ. ತಲೆ ಮೇಲೆ ಒಂದೇ ದೀಪ ಇದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಪಕ್ಕದಿಂದ ಬೆಳಕು ಬಿದ್ದಾಗ ಇನ್ನೊಂದು ಚಂದ ಇದೆ. ಮೇಸ್ತ್ರಿ ಕರಣೆ ತಿರುಗಿಸಿದ ಅರ್ಧಚಂದ್ರದ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಬೆರಳಿಟ್ಟರೆ ಮಾತ್ರ ಗೋಡೆ ನುಣ್ಣಗಿದೆ.

ವಿದೇಶಿ ಫೋಟೋಗಳಲ್ಲಿ ಹೆಲ್ತ್ ಫಾಸೆಟ್ ಇರುವುದಿಲ್ಲ. ನಮ್ಮಲ್ಲಿ ಅದಿಲ್ಲದೆ ನಡೆಯುವುದಿಲ್ಲ, ನೀರು ಸಿಡಿಯುವುದೂ ತಪ್ಪುವುದಿಲ್ಲ. ಹಾಗಾಗಿ ಕಮೋಡಿನ ಹಿಂದೆ, ಪಕ್ಕದಲ್ಲಿ ನಾಲ್ಕು ಅಡಿವರೆಗೆ ಅದೇ ಛಾಯೆಯ ಮ್ಯಾಟ್ ಟೈಲ್ಸ್, ಅದರ ಮೇಲಷ್ಟೇ ಗಾರೆ. ಟಾಯ್ಲೆಟ್ ಕ್ಲೀನರಿನ ಆಸಿಡ್ ಸುಣ್ಣವನ್ನು ತಿಂದುಬಿಡುತ್ತದೆ. ಅದಕ್ಕೂ ಈ ಟೈಲ್ಸ್ ಬೇಕು.

ಇದೇ ಕಾರಣಕ್ಕೆ ನಲ್ಲಿಯ ವಿಚಾರದಲ್ಲೂ ಮನಸ್ಸು ಬದಲಾಯಿತು. ಕಂದು ಗೋಡೆಗೆ ಹಿತ್ತಾಳೆ ಎಷ್ಟು ಒಪ್ಪುತ್ತೆ! ಆದರೆ ಹಿತ್ತಾಳೆ ಅಂದರೆ ಹುಣಸೆಹಣ್ಣು ಹಾಕಿ ತಿಕ್ಕುವವರು ಮನೆಯಲ್ಲಿದ್ದಾರೆ. ಹುಣಸೆ ಹುಳಿ ಗೋಡೆಗೆ ಹರಿದರೆ ಕಲೆ ಗ್ಯಾರಂಟಿ. ಹಾಗಾಗಿ ತಿಕ್ಕುವ ಕೆಲಸವೇ ಇಲ್ಲದ, ಹಿತ್ತಾಳೆ ಬಣ್ಣದ ಪಿವಿಡಿ ಕೋಟಿಂಗಿನ (ನಿರ್ವಾತದಲ್ಲಿ ಕೂರಿಸುವ ತೆಳು, ಗಟ್ಟಿ ಲೇಪ) ನಲ್ಲಿ ತಂದಿದ್ದೇನೆ.

ಬೇಸಿನ್ ಕೆಳಗೆ ಸಾದರಹಳ್ಳಿ ಕಲ್ಲು. ಕಡಪ ಕಲ್ಲನ್ನೂ ನೋಡಿದ್ದೆ, ಆದರೆ ಕಂದಿನ ಪಕ್ಕ ಕಪ್ಪು ಇಟ್ಟರೆ ತುಂಬಾ ಭಾರ ಅನ್ನಿಸಿತು. ಸಾದರಹಳ್ಳಿಯ ತಿಳಿ ಬೂದು ಗ್ರಾನೈಟ್ ಚೆನ್ನಾಗಿ ಹೊಂದಿದೆ. ಮೇಲೆ ಬಿಳಿ ಬೇಸಿನ್, ಅದರ ಅಂಚು ನೆಲದಿಂದ 33 ಇಂಚಿಗೆ.

ಬಾಕಿ ಇರುವುದು ಕನ್ನಡಿ ಮತ್ತು ಎಕ್ಸಾಸ್ಟ್ ಫ್ಯಾನ್. ಫ್ಯಾನಿಗೆ ಗಾಳಿ ಸಿಗಲಿ ಅಂತ ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದು ಬಿಡಲು ಬಡಗಿಗೆ ಹೇಳಿದ್ದೇನೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡೇ ಗಟ್ಟಿಯಾಗಬೇಕು. ಅದಕ್ಕೆ ಸದ್ಯ ಬಾಗಿಲನ್ನೇ ಕೂರಿಸಿಲ್ಲ. ಕನ್ನಡಿ ದುಂಡಗಿರಲಾ, ಉದ್ದಕ್ಕಿರಲಾ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಎರಡೂ ಆಕಾರದಲ್ಲಿ ರಟ್ಟು ಕತ್ತರಿಸಿ ಗೋಡೆಗೆ ಒರಗಿಸಿದ್ದೇನೆ.