ಅಕ್ಟೋಬರ್ 26, 1918: ಒಬ್ಬ ಸವಾರರ ದಾಖಲೆಯ ಜಾಡಿನಲ್ಲಿ

ನನ್ನ ಗೆಳೆಯರೊಬ್ಬರ ಮನೆಯಲ್ಲಿ ಪ್ರತಿ ಸೆಪ್ಟೆಂಬರ್ 23ರಂದು ದೇವರ ಮನೆಯ ಗೂಡಿನಲ್ಲಿ ಒಂದು ದೀಪ ಹೆಚ್ಚಾಗಿ ಹಚ್ಚುತ್ತಿದ್ದರು. ಅವರ ತಾಯಿಯ ತಾತ ಮೈಸೂರು ಲ್ಯಾನ್ಸರ್ಸ್ ಅಶ್ವದಳದಲ್ಲಿ ಸವಾರರಾಗಿದ್ದು, ಮೊದಲ ಮಹಾಯುದ್ಧಕ್ಕೆ ಹೋದವರು ಹಿಂದಿರುಗಲಿಲ್ಲ. ಎಲ್ಲಿ ತೀರಿಕೊಂಡರೆಂಬುದು ಮನೆಯವರಿಗೆ ತಿಳಿದಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈ ದಳ ಹೋರಾಡಿದ, ಇಂದಿನ ಇಸ್ರೇಲಿನಲ್ಲಿರುವ ಹೈಫಾದ ಕದನಕ್ಕೆ 2018ರಲ್ಲಿ ನೂರು ವರ್ಷವಾದಾಗ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಓದಿ, ಅಲ್ಲಿಯೇ ಇರಬೇಕೆಂದು ಭಾವಿಸಿ ಆ ದಿನವನ್ನೇ ಸ್ಮರಣೆಗೆ ಇಟ್ಟುಕೊಂಡಿದ್ದರು. ಕಳೆದ ವರ್ಷ ಆ ತಾಯಿ, "ಹಳೇ ಕಾಗದಪತ್ರ ಹುಡುಕ್ತೀಯಲ್ಲಪ್ಪ, ನಮ್ಮ ತಾತನದೂ ಒಂದಿಷ್ಟು ನೋಡು" ಎಂದರು.

ಇಂಥ ಹುಡುಕಾಟಕ್ಕೆ ಮೊದಲ ಬಾಗಿಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳು. 1917ರಲ್ಲಿ ಸ್ಥಾಪನೆಯಾದ ಈ ಆಯೋಗವು ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಹೆಸರು, ದರ್ಜೆ, ದಳ, ಸಾವಿನ ದಿನಾಂಕ ಮತ್ತು ಸ್ಮಾರಕದ ವಿವರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಆದರೆ ನಮ್ಮವರನ್ನು ಹೆಸರಿನಿಂದ ಹುಡುಕಹೊರಟರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳವು. ಅರಸು ಎಂಬುದು 'ಅರ್ಸ್' ಆಗಿರುತ್ತದೆ. ವೆಂಕಟ ಎಂಬುದು 'ವಿ' ಅಕ್ಷರದಿಂದಲೂ ಆರಂಭವಾಗಬಹುದು, 'ಡಬ್ಲ್ಯು' ಅಕ್ಷರದಿಂದಲೂ ಆರಂಭವಾಗಬಹುದು. ಆದ್ದರಿಂದ ನಾನು ಹೆಸರಿನ ಜಾಗವನ್ನು ಖಾಲಿ ಬಿಟ್ಟು ದಳವನ್ನು ಮಾತ್ರ ಕೊಟ್ಟು, ಬಂದ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದುತ್ತೇನೆ. ಇಂಗ್ಲಿಷ್ ಕಾಗುಣಿತದಲ್ಲಿ ಗುರುತು ಸಿಗದ ಹೆಸರು ಬಾಯಲ್ಲಿ ಆಡಿದಾಗ ಎಷ್ಟೋ ಬಾರಿ ನಮ್ಮೂರಿನದಾಗಿಬಿಡುತ್ತದೆ.

ಹೀಗೆ ಓದುತ್ತಿದ್ದಾಗಲೇ ಆ ಹೆಸರು ಸಿಕ್ಕಿತು. ಅದೃಷ್ಟಕ್ಕೆ ತಂದೆಯ ಹೆಸರೂ ಊರೂ ದಾಖಲಾಗಿದ್ದವು. ಇವೆರಡೂ ಇಲ್ಲದ ದಾಖಲೆಗಳು ಬಹಳ, ಬರಿಯ ಹೆಸರೊಂದು ಹೊಂದಿಕೆಯಾದ ಮಾತ್ರಕ್ಕೆ 'ಇವರೇ ನಮ್ಮವರು' ಎನ್ನುವುದು ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ದಿನಾಂಕ ಮಾತ್ರ ಸೆಪ್ಟೆಂಬರ್ 23 ಆಗಿರಲಿಲ್ಲ. ಅಕ್ಟೋಬರ್ 26, 1918 ಎಂದಿತ್ತು.

ಆ ದಿನ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಸಿರಿಯಾದ ಅಲೆಪ್ಪೊ ನಗರದ ಆಚೆ, ಹರಿತಾನ್ ಎಂಬ ಹಳ್ಳಿಯ ಬಳಿ, ಹಿಮ್ಮೆಟ್ಟುತ್ತಿದ್ದ ತುರ್ಕಿ ಸೇನೆಯ ಹಿಂಬದಿ ಪಡೆಯ ಮೇಲೆ ಕುದುರೆ ಹತ್ತಿ ಎರಗಿದರು. ಎದುರಿಗಿದ್ದ ಪಡೆ ಅಂದಾಜು ಮಾಡಿದ್ದಕ್ಕಿಂತ ಬಹಳ ದೊಡ್ಡದಾಗಿತ್ತು. ಅವರ ಬ್ರಿಗೇಡಿನಲ್ಲಿ 21 ಮಂದಿ ಸತ್ತರು. ಇದಾದ ನಾಲ್ಕನೆಯ ದಿನ, ಅಕ್ಟೋಬರ್ 30ರಂದು, ಮುದ್ರೋಸ್‌ನಲ್ಲಿ ತುರ್ಕಿಯೊಂದಿಗೆ ಕದನವಿರಾಮಕ್ಕೆ ಸಹಿ ಬಿತ್ತು. ಹೈಫಾದ ಹೆಸರು ದೆಹಲಿಯ ತೀನ್ ಮೂರ್ತಿ ವೃತ್ತಕ್ಕೂ ಸೇರಿದೆ; ಹರಿತಾನ್ ಹೆಸರನ್ನು ಕೇಳಿದವರೇ ನಮ್ಮಲ್ಲಿ ಅಪರೂಪವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಷ್ಟಾದರೂ ಅವರು ಹರಿತಾನ್‌ನಲ್ಲೇ ಮಡಿದರೆಂದು ನಾನು ಬರೆದುಕೊಡಲಿಲ್ಲ. ಆಯೋಗದ ದಾಖಲೆ ಸಾವಿನ ದಿನವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಆ ಅಕ್ಟೋಬರಿನಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಆ ದಂಡಿನ ಬಹಳಷ್ಟು ಸೈನಿಕರನ್ನು ಆಸ್ಪತ್ರೆಗಳಲ್ಲೇ ಬಲಿ ತೆಗೆದುಕೊಂಡಿದ್ದವು. ಇದನ್ನು ತಾಳೆ ನೋಡಲು ಸೇನಾದಳಗಳು ಬರೆದಿಟ್ಟ ಯುದ್ಧಕಾಲದ ದಿನಚರಿಗಳಿವೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಅಧಿಕಾರಿಗಳಿಗೆ ಮಾತ್ರ ಹೆಸರು, ಉಳಿದವರಿಗೆಲ್ಲ ಒಂದು ಸಂಖ್ಯೆ. ಇದೇ ಭೇದವನ್ನು ಇರಾಕಿನ ಬಸ್ರಾ ಸ್ಮಾರಕದ ಕಲ್ಲಿನ ಮೇಲೂ ಕಾಣಬಹುದು: ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ದಳವಾರು ಲೆಕ್ಕವಾಗಿ ಬಿಟ್ಟರು. ಕನಿಷ್ಠ 1,16,000 ಮಂದಿಯನ್ನು, ಅವರಲ್ಲಿ ಬಹುಪಾಲು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರು, ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ರಣರಂಗಗಳಲ್ಲಿ ಮಡಿದು ಸಮಾಧಿ ತಿಳಿಯದ ಭಾರತೀಯರಿಗೆ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿ 1926ರಲ್ಲಿ ಸ್ಮಾರಕ ಕಟ್ಟಿದ್ದರು. ಮುಂದೆ ಈಜಿಪ್ಟ್–ಇಸ್ರೇಲ್ ಯುದ್ಧಗಳಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸಮಾಧಿ ಸ್ಥಳದಲ್ಲಿ ಅದರ ಬದಲಿಗೆ ಮತ್ತೊಂದನ್ನು ಸ್ಥಾಪಿಸಿದರು. ನಮ್ಮ ಸವಾರರ ದಾಖಲೆ ತೋರಿಸುವುದು ಅಲ್ಲಿಗೆ.

ನಾನು ಎಲ್ಲವನ್ನೂ ಕನ್ನಡದಲ್ಲಿ ಬರೆದು ಒಯ್ದೆ. ಆ ತಾಯಿ ಹೆಸರಿನ ಮೇಲೆ ಬೆರಳಾಡಿಸುತ್ತ, "ಇಂಗ್ಲಿಷ್ ತಾರೀಕು ಇರಲಿ, ಅವತ್ತು ಯಾವ ಪಕ್ಷ?" ಎಂದು ಕೇಳಿದರು. ಇದು ನನಗೆ ಹೊಳೆದೇ ಇರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಆಶ್ವಯುಜ ಬಹುಳ, ದೀಪಾವಳಿಗೆ ಸುಮಾರು ಒಂದು ವಾರ ಮುಂಚೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಆ ವರ್ಷ ನಮ್ಮಜ್ಜಿ ಎಲ್ಲರ ಹಾಗೆ ಹಬ್ಬ ಮಾಡಿರ್ತಾಳೆ. ಸುದ್ದಿ ಇನ್ನೂ ಬಂದಿರಲಿಲ್ವಲ್ಲ" ಎಂದರು.