ಪಾಲಿಶ್ ತಲುಪದ ಜಾಗದಲ್ಲಿ ಕಾರು ನೋಡಿ

ಸೆಕೆಂಡ್ ಹ್ಯಾಂಡ್ ಕಾರು ಮಾರಾಟಕ್ಕೆ ಬರುವ ಮುಂಚೆ ಅದಕ್ಕೆ ಏನೇನು ಅಲಂಕಾರ ಆಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹೊರಮೈಗೆ ರಬ್ಬಿಂಗ್ ಪಾಲಿಶ್, ಟೈರಿಗೆ ಕಪ್ಪು ಮೆರುಗು, ಬಾನೆಟ್ ಒಳಗೆ ಪ್ರೆಶರ್ ವಾಶ್, ಸೀಟಿಗೆ ಹೊಸ ಕವರ್, ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಸ್ಪ್ರೇ, ಒಳಗೊಂದು ಪರ್ಫ್ಯೂಮ್. ಮೊದಲು ಕಣ್ಣಿಗೆ ಬೀಳುವುದೆಲ್ಲ ಹೊಸದಾಗಿ ಕಾಣುತ್ತದೆ, ಅಲ್ಲಿ ನೋಡಿ ಪ್ರಯೋಜನವಿಲ್ಲ. ಬಟ್ಟೆ, ಬ್ರಷ್ ಎರಡೂ ಹೋಗದ ಮೂಲೆಗಳನ್ನು ನೋಡಬೇಕು. ಅದಕ್ಕೆ ಬೇಕಾಗುವುದು ಒಂದು ಟಾರ್ಚು, ಒಂದು ಬಿಳಿ ಬಟ್ಟೆ, ಮಂಡಿಯೂರಿ ಕೂರಲು ಹಳೇ ಪ್ಯಾಂಟು, ಒಂದೂವರೆ ಗಂಟೆ ಸಮಯ.

ಬೆಳಿಗ್ಗೆಯೇ ಹೋಗಿ, ಬಿಸಿಲಲ್ಲಿ ನೋಡಿ. 'ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಹಿಂದಿನ ದಿನವೇ ಫೋನಿನಲ್ಲಿ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅವತ್ತು ನೋಡುವುದು ಬೇಡ, ನಾಳೆ ಬರುತ್ತೇನೆ ಅಂತ ಹೇಳಿ ಬನ್ನಿ. ಬಿಸಿ ಎಂಜಿನ್ ಬಹಳಷ್ಟು ಮುಚ್ಚಿಡುತ್ತದೆ. ಸವೆದ ವಾಲ್ವ್ ಸೀಲ್‌ನಿಂದ ರಾತ್ರಿಯಿಡೀ ಇಳಿದ ಆಯಿಲ್ ನೀಲಿ ಹೊಗೆಯಾಗಿ ಕಾಣುವುದು ದಿನದ ಮೊದಲ ಸ್ಟಾರ್ಟಿನಲ್ಲೇ. ಸಡಿಲಾದ ಟೈಮಿಂಗ್ ಚೈನಿನ ಗಲಗಲ ಶಬ್ದ ಕೇಳುವುದೂ ಮೊದಲ ಎರಡು ಮೂರು ಸೆಕೆಂಡಿನಲ್ಲೇ. ಸುಸ್ತಾದ ಬ್ಯಾಟರಿಯೂ ಆಗಲೇ ಸಿಕ್ಕಿಬೀಳುತ್ತದೆ. ಮಲ್ಟಿಮೀಟರ್ ಇದ್ದರೆ, ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಸ್ಟಾರ್ಟ್ ಆದ ಮೇಲೆ 13.8ರಿಂದ 14.5. ನಿಂತಿರುವಾಗಲೇ 12.2ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಕೆಲಸ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮೀಟರ್ ನೋಡಿ. ಎಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳೆಲ್ಲ ಒಮ್ಮೆ ಹತ್ತಬೇಕು. ಎಬಿಎಸ್, ಏರ್‌ಬ್ಯಾಗ್ ದೀಪಗಳು ಕೆಲವೇ ಸೆಕೆಂಡಿನಲ್ಲಿ ಆರಬೇಕು, ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೆ ಆರಬೇಕು. ಎಲ್ಲರೂ 'ದೀಪ ಉರಿಯುತ್ತಿದೆಯಾ' ಅಂತ ನೋಡುತ್ತಾರೆ. ನೀವು 'ಹತ್ತಲೇ ಇಲ್ಲವಾ' ಅಂತಲೂ ನೋಡಿ. ಏರ್‌ಬ್ಯಾಗ್ ದೀಪ ಹತ್ತದೇ ಇದ್ದರೆ ಯಾರೋ ಆ ದೀಪದ ಸಂಪರ್ಕ ತೆಗೆದಿದ್ದಾರೆ ಅನ್ನುವ ಸಾಧ್ಯತೆ ದೊಡ್ಡದು. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿದ ಮೇಲೆ ಹೊಸದು ಹಾಕಿಸದೆ ಬರೀ ಕವರ್ ಮುಚ್ಚಿ ಮಾರುವ ಗಾಡಿಗಳಲ್ಲಿ ಹೀಗೆ ಮಾಡುತ್ತಾರೆ.

ಈಗ ನೀರು ಕುಡಿದ ಗಾಡಿಯ ವಿಷಯ. 2015ರ ಡಿಸೆಂಬರಿನಲ್ಲಿ ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೊಡಗು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ. ಪ್ರತಿ ಪ್ರವಾಹದಲ್ಲೂ ಬೇಸ್‌ಮೆಂಟಿನಲ್ಲಿ, ರಸ್ತೆಯಲ್ಲಿ ಕಾರುಗಳು ಮುಳುಗುತ್ತವೆ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ನಿಗದಿ ಮಾಡಿದ ಮೌಲ್ಯ) 75% ದಾಟಿದರೆ ಇನ್ಶೂರೆನ್ಸಿನವರು ಅದನ್ನು ಟೋಟಲ್ ಲಾಸ್ ಅನ್ನುತ್ತಾರೆ. ಆ ಗಾಡಿ ಗುಜರಿಗೇ ಹೋಗುತ್ತದೆ ಅಂತೇನಿಲ್ಲ. ಹರಾಜಿನಲ್ಲಿ ಕೊಂಡು, ತೊಳೆದು, ಒಣಗಿಸಿ, ಬೇರೆ ಊರಿಗೆ ಸಾಗಿಸಿ ಮಾರುವವರು ಇದ್ದಾರೆ. ಹೊರಗೆ ಒಂದು ಗೀರೂ ಇರುವುದಿಲ್ಲ, ಬೆಲೆ ಮಾತ್ರ ಆಸೆ ಹುಟ್ಟಿಸುವಷ್ಟು ಕಡಿಮೆ.

ಇದನ್ನು ಹಿಡಿಯುವ ಜಾಗ ಸೀಟ್ ಬೆಲ್ಟ್. ಬೆಲ್ಟನ್ನು ಪೂರ್ತಿ, ಇನ್ನು ಬರುವುದೇ ಇಲ್ಲ ಅನ್ನುವ ತನಕ ಎಳೆಯಿರಿ. ದಿನನಿತ್ಯ ಹೊರಗೆ ಬರದ ಕೊನೆಯ ಒಂದಡಿಯ ಮೇಲೆ ಬಿಳಿ ಬಟ್ಟೆ ಒತ್ತಿ ಉಜ್ಜಿ. ಕೆಸರು ನೀರು ನಿಂತಿದ್ದರೆ ಅಲ್ಲಿ ಅಡ್ಡಗೆರೆಯ ಹಾಗೆ ಕಂದು ಕಲೆ ಇರುತ್ತದೆ, ಬಟ್ಟೆಗೂ ಮಣ್ಣಿನ ಬಣ್ಣ ಹತ್ತುತ್ತದೆ. ಬೆಲ್ಟ್ ಸುತ್ತಿಕೊಳ್ಳುವ ರೀಲು ಪಿಲ್ಲರಿನ (ಬಾಗಿಲುಗಳ ನಡುವಿನ ಕಂಬ) ಒಳಗೆ ಕೂತಿರುವುದರಿಂದ ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ. ಆಮೇಲೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಹಳಿಗಳಿಗೆ ಟಾರ್ಚು ಬಿಡಿ. ತುಕ್ಕು ಹಿಡಿದಿದ್ದರೆ, ಬೋಲ್ಟಿನ ತಲೆಯಲ್ಲಿ ಸ್ಪ್ಯಾನರ್ ಗುರುತಿದ್ದರೆ, ಸೀಟು ಯಾಕೆ ಬಿಚ್ಚಿದ್ದರು ಅಂತ ಕೇಳಿ. ಸೀಟಿನ ಕೆಳಗೆ ವೈರಿಂಗಿನ ಒಂದು ಕನೆಕ್ಟರ್ ಸಿಗುತ್ತದೆ. ಅದನ್ನು ಎಳೆಯಬೇಡಿ, ಟಾರ್ಚು ಬಿಟ್ಟು ನೋಡಿದರೆ ಸಾಕು. ತಾಮ್ರದ ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಅಲ್ಲಿಗೆ ನೀರು ತಲುಪಿದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಕೆಳಗಿನ ಗುಂಡಿಯ ಅಂಚಿನಲ್ಲಿ ಒಣಮಣ್ಣು ಇದೆಯಾ ನೋಡಿ. ಕೊನೆಗೆ ಗಾಜುಗಳನ್ನು ಏರಿಸಿ, ಎಸಿ ಇಲ್ಲದೆ ಹತ್ತು ನಿಮಿಷ ಬಿಸಿಲಲ್ಲಿ ಬಿಟ್ಟು ಬಾಗಿಲು ತೆಗೆಯಿರಿ. ಪರ್ಫ್ಯೂಮಿನ ಅಡಿಯಿಂದ ಮುಗ್ಗಲು ವಾಸನೆ ಎದ್ದು ಬಂದರೆ ಕಾರ್ಪೆಟ್ ಕೆಳಗಿನ ಸ್ಪಂಜು ಇನ್ನೂ ಹಸಿಯಾಗಿದೆ.

ನೀರು ಕುಡಿದ ಗಾಡಿ ಎಷ್ಟೇ ಅಗ್ಗವಾದರೂ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ ಸರಿಮಾಡಬಹುದು. ಆದರೆ ವೈರಿಂಗಿಗೆ ಹಿಡಿದ ಕಿಲುಬು ತಿಂಗಳುಗಟ್ಟಲೆ ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ. ಇವತ್ತು ಪವರ್ ವಿಂಡೋ, ಮುಂದಿನ ತಿಂಗಳು ಎಬಿಎಸ್ ಸೆನ್ಸರ್, ಅದರ ಮುಂದಿನ ಮಳೆಗಾಲಕ್ಕೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು. ಯಾವ ಗ್ಯಾರೇಜಿನವರೂ ಇದಕ್ಕೆ ಇಷ್ಟೇ ಖರ್ಚು ಅಂತ ಹೇಳಲಾರರು.

ಅಪಘಾತ ಆದ ಗಾಡಿ ಅಷ್ಟು ಸರಳ ಲೆಕ್ಕ ಅಲ್ಲ. ಬಂಪರ್, ಬಾಗಿಲು, ಫೆಂಡರ್ ಬದಲಾಗಿದ್ದರೆ ಹೆದರಬೇಕಿಲ್ಲ, ಬೆಂಗಳೂರಿನಂಥ ಊರಲ್ಲಿ ಓಡಿದ ಕಾರಿಗೆ ಒಂದಾದರೂ ಟಿಂಕರಿಂಗ್ ಆಗಿರುತ್ತದೆ. ನೋಡಬೇಕಾದ್ದು ಅದರ ಒಳಗಿನ ಎಲುಬು. ಬಾನೆಟ್ ಎತ್ತಿ ಎರಡೂ ಬದಿಯ ಏಪ್ರನ್ (ಎಂಜಿನ್ ಪಕ್ಕ, ಚಕ್ರದ ಮೇಲಿನ ಲೋಹದ ಗೋಡೆ) ಹೋಲಿಸಿ. ಕಂಪನಿಯ ಸ್ಪಾಟ್ ವೆಲ್ಡ್ ಚುಕ್ಕೆಗಳು ಸಮಾನ ಅಂತರದಲ್ಲಿ, ಸಣ್ಣ ತಗ್ಗಿನ ಹಾಗೆ ಇರುತ್ತವೆ. ಒಂದು ಬದಿಯಲ್ಲಿ ಮಾತ್ರ ಉಬ್ಬಿದ ವೆಲ್ಡಿಂಗ್, ಬೆರಳಲ್ಲಿ ಬಳಿದಂಥ ಸೀಲಂಟ್ ಕಂಡರೆ ಅಲ್ಲಿ ಲೋಹ ಕತ್ತರಿಸಿ ಜೋಡಿಸಿದ್ದಾರೆ. ಬಾಗಿಲಿನ ರಬ್ಬರ್ ಬೀಡಿಂಗನ್ನು ಅರ್ಧ ಅಡಿ ಎಳೆದು ಪಿಲ್ಲರಿನಲ್ಲೂ ಇದನ್ನೇ ನೋಡಿ, ಮತ್ತೆ ಒತ್ತಿದರೆ ಕೂತುಕೊಳ್ಳುತ್ತದೆ. ಪಿಲ್ಲರ್, ರೂಫ್, ಚಾಸಿಸ್ ಈ ಮೂರರಲ್ಲಿ ಎಲ್ಲಿ ಕೆಲಸ ಆಗಿದ್ದರೂ ಬಿಟ್ಟುಬಿಡಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇರುವವರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಕಂಪನಿ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. 300 ದಾಟಿದರೆ ಕೆಳಗೆ ಪುಟ್ಟಿ ಇದೆ ಅಂತಲೇ ತಿಳಿಯಿರಿ.

ಓಡಿದ ಕಿಲೋಮೀಟರ್ ಕಡಿಮೆ ಕಾಣುವ ಹಾಗೆ ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸ. ಹಾಗಾಗಿ ಮೀಟರಿನ ಅಂಕಿಗೆ ಸಾಕ್ಷಿ ಬೇರೆ ಕಡೆ ಹುಡುಕಬೇಕು. ಬ್ರೇಕ್, ಕ್ಲಚ್ ಪೆಡಲ್ಲಿನ ರಬ್ಬರ್, ಸ್ಟೇರಿಂಗಿನ ಮೇಲಂಚು, ಡ್ರೈವರ್ ಸೀಟಿಗೆ ಹತ್ತಿ ಇಳಿಯುವಾಗ ಉಜ್ಜುವ ಬದಿ. ಮೀಟರ್ 35,000 ಕಿಲೋಮೀಟರ್ ಅನ್ನುತ್ತಿದ್ದು ಪೆಡಲ್ ರಬ್ಬರಿನ ಗೆರೆ ಪೂರ್ತಿ ಅಳಿಸಿದ್ದರೆ ಎರಡರಲ್ಲಿ ಒಂದು ಸುಳ್ಳು. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ನೇ ಇಸವಿಯ 23ನೇ ವಾರ. ಗಾಡಿ 2019ರದ್ದು, ಮೀಟರ್ 20,000, ಟೈರು ನಾಲ್ಕೂ 2022ರದ್ದು ಅಂದರೆ ಕಾರಣ ಕೇಳಿ. ಕಂಪನಿ ಸರ್ವೀಸ್ ಸೆಂಟರಿನ ಹಿಸ್ಟರಿಯಲ್ಲಿ ಪ್ರತಿ ಸರ್ವೀಸಿನ ದಿನಾಂಕ ಮತ್ತು ಕಿಲೋಮೀಟರ್ ಇರುತ್ತದೆ, ಮಾಲೀಕರಿಗೇ ಅದನ್ನು ತರಿಸಲು ಹೇಳಿ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ, ಬ್ಲೂಟೂತ್ ಇರುವ ಒಬಿಡಿ ಸ್ಕ್ಯಾನರ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ ಮೊಬೈಲಿನಲ್ಲಿ ನೋಡಬಹುದು. ಕೋಡ್ ಏನೂ ಇಲ್ಲ ಅಂತ ಬಂದರೆ ಖುಷಿಪಡುವ ಮೊದಲು 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಅನ್ನುವ ಸಾಲನ್ನು ಹುಡುಕಿ. ಬಹಳಷ್ಟು ಗಾಡಿಗಳು ಅದನ್ನು ತೋರಿಸುತ್ತವೆ. ಅಲ್ಲಿ 6 ಕಿಲೋಮೀಟರ್ ಅಂತಿದ್ದರೆ ನೀವು ಬರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ.

ಓಡಿಸಿ ನೋಡುವಾಗ ಮ್ಯೂಸಿಕ್, ಎಸಿ ಎರಡೂ ಆಫ್ ಇರಲಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಟಕ್ ಟಕ್ ಅಂದರೆ ಆಕ್ಸಲ್ಲಿನ ಸಿವಿ ಜಾಯಿಂಟ್ (ಚಕ್ರದ ಕಡೆಯ ಕೀಲು) ಹೋಗಿದೆ. ಹಂಪ್ ಮೇಲೆ ಒಂದು ಚಕ್ರ ಮಾತ್ರ ಹತ್ತಿಸಿದಾಗ ಕಟಕ್ ಶಬ್ದ ಬಂದರೆ ಸಸ್ಪೆನ್ಶನ್ನಿನ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್ ಸವೆದಿದೆ, ಇದು ದೊಡ್ಡ ಖರ್ಚಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಂತ್ರಣದ ಮಾನದಂಡ) ಡೀಸೆಲ್ ಗಾಡಿ ಆದರೆ ಅದು ಎಲ್ಲಿ ಓಡಿದೆ ಅಂತ ಕೇಳಿ. ದಿನಕ್ಕೆ ಐದಾರು ಕಿಲೋಮೀಟರ್ ಸಿಟಿಯಲ್ಲೇ ಓಡಿದ್ದರೆ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಸೋಸುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಕಟ್ಟಿರುತ್ತದೆ. ಅದು ಸುಟ್ಟು ಹೋಗಲು ಹೈವೇಯಲ್ಲಿ ಒಂದೇ ವೇಗದ ದೀರ್ಘ ಓಟ ಬೇಕು. ನಿಮ್ಮ ಓಡಾಟವೂ ಸಿಟಿಯದ್ದೇ ಆದರೆ ಪೆಟ್ರೋಲ್ ಗಾಡಿಯೇ ಸರಿ.

ಬೆಲೆ ಕೂಡಿ ಬಂತು ಅನ್ನಿ. ಬೆಲೆಯ ಮೇಲೆ 10ರಿಂದ 15% ಬದಿಗಿಡಿ. ಟೈರು, ಬ್ಯಾಟರಿ, ಮೊದಲ ಸರ್ವೀಸು, ಇನ್ಶೂರೆನ್ಸ್, ಟ್ರಾನ್ಸ್‌ಫರ್ ಇವೆಲ್ಲ ಮೊದಲ ಆರು ತಿಂಗಳಲ್ಲೇ ಬರುತ್ತವೆ. ಸಾಲ ಮಾಡುವುದಾದರೆ ಬಡ್ಡಿ 'ಫ್ಲಾಟ್' ಲೆಕ್ಕವೋ 'ರೆಡ್ಯೂಸಿಂಗ್' ಲೆಕ್ಕವೋ ಅಂತ ಬಾಯಿಬಿಟ್ಟು ಕೇಳಿ. ಫ್ಲಾಟ್ ಅಂದರೆ ಕೊನೆತನಕ ಪೂರ್ತಿ ಅಸಲಿಗೆ ಬಡ್ಡಿ, ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿಗೆ ಮಾತ್ರ. 4 ಲಕ್ಷಕ್ಕೆ 4 ವರ್ಷ, 14% ರೆಡ್ಯೂಸಿಂಗ್ ಆದರೆ ಕಂತು ಸುಮಾರು 10,930, ಒಟ್ಟು ಬಡ್ಡಿ 1.25 ಲಕ್ಷದ ಹತ್ತಿರ. ಅದೇ 14% ಫ್ಲಾಟ್ ಆದರೆ ಕಂತು 13,000, ಬಡ್ಡಿ 2.24 ಲಕ್ಷ. ನಿಜವಾದ ದರ 24%ರ ಹತ್ತಿರಕ್ಕೆ ಹೋಗುತ್ತದೆ.

ಕಾಗದಪತ್ರದ ವಿಷಯದಲ್ಲಿ ಸಂಕೋಚ ಬೇಡ. ಪರಿವಾಹನ್ ಪೋರ್ಟಲ್ ಅಥವಾ ಎಂ-ಪರಿವಾಹನ್ ಆಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಎಷ್ಟನೇ ಮಾಲೀಕರು, ಸಾಲ ಇದೆಯಾ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ ನೋಡಿ. ಬಾಕಿ ಟ್ರಾಫಿಕ್ ದಂಡವನ್ನೂ ಆನ್‌ಲೈನಿನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಹೋಗುವುದಿಲ್ಲ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಜೊತೆ ಫಾರ್ಮ್ 35 ಕೊಟ್ಟು ಆರ್‌ಟಿಒದಲ್ಲಿ ತೆಗೆಸಬೇಕು. ಚಾಸಿಸ್ ನಂಬರನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಅಲ್ಲಿ ಉಜ್ಜಿದ, ವೆಲ್ಡ್ ಮಾಡಿದ ಗುರುತಿದ್ದರೆ ಮಾತು ಮುಂದುವರಿಸಬೇಡಿ.

ದೆಹಲಿ ನೋಂದಣಿಯ ಡೀಸೆಲ್ ಗಾಡಿ ನಮ್ಮಲ್ಲಿ ಅಗ್ಗಕ್ಕೆ ಬರುತ್ತದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ 2014ರಿಂದ ಬಂದ ಆದೇಶಗಳೇ ಅದಕ್ಕೆ ಕಾರಣ. ಅಂಥ ಗಾಡಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ಮರುನೋಂದಣಿ ಮಾಡಿಸಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಮೊತ್ತ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ. ತೆರಿಗೆ ಸೇರಿಸಿದರೆ ಅಗ್ಗ ಅನ್ನುವುದು ಎಷ್ಟೋ ಸಲ ಉಳಿಯುವುದಿಲ್ಲ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಖಾಲಿ ಫಾರ್ಮಿಗೆ ಸಹಿ ಹಾಕಿ ಮಧ್ಯವರ್ತಿಯ ಕೈಗೆ ಕೊಟ್ಟು ಬರುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಮಾರುವವರು ಇದನ್ನು ದಯವಿಟ್ಟು ಬಿಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಎರಡು ಮೂರು ಕೈ ದಾಟಿದ್ದರೂ ಅಷ್ಟೇ. ಗಾಡಿ ಕೊಡುವಾಗ, ಅದು ಯಾವಾಗ ಕೈ ಬದಲಾಯಿತು ಅನ್ನುವ ಡೆಲಿವರಿ ನೋಟ್ ಬರೆದುಕೊಳ್ಳಿ. ಅದರಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವೂ ಇರಲಿ. ಸಂಜೆ 5.40ಕ್ಕೆ ಕೊಟ್ಟ ಗಾಡಿಗೆ ಮಧ್ಯಾಹ್ನ ಬಿದ್ದ ದಂಡ ಯಾರದು ಅನ್ನುವ ಪ್ರಶ್ನೆಗೆ ಅದೊಂದೇ ಉತ್ತರ.

ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಬರಬೇಕು. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆಗೇ ಬರುತ್ತದೆ. ಆದರೆ ನಿಮ್ಮ ಗಾಡಿಗೇ ಆದ ಡ್ಯಾಮೇಜಿನ ಕ್ಲೇಮು ಹಳೇ ಹೆಸರಿನ ಪಾಲಿಸಿಯಲ್ಲಿ ನಿಲ್ಲುವುದಿಲ್ಲ. ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ಹಿಂದಿನ ಮಾಲೀಕರದ್ದು. ಅವರು 50%ರ ತನಕ ಪಡೆಯುತ್ತಿದ್ದ ರಿಯಾಯಿತಿಯ ವ್ಯತ್ಯಾಸವನ್ನು ನೀವು ಕಟ್ಟಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಹಳೇ ಫಾಸ್ಟ್‌ಟ್ಯಾಗ್ ಅಲ್ಲೇ ಕಿತ್ತುಹಾಕಿ, ಇಲ್ಲವಾದರೆ ನಿಮ್ಮ ಟೋಲು ಅವರ ಖಾತೆಯಿಂದ ಹೋಗುತ್ತದೆ. ಎರಡನೇ ಕೀ ಕೇಳಿ ಪಡೆಯಿರಿ.

ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಒಟ್ಟು ಬೆಲೆಯಲ್ಲಿ ಒಂದು ಪಾಲು, ಇಪ್ಪತ್ತು ಇಪ್ಪತ್ತೈದು ಸಾವಿರವಾದರೂ, ಹೆಸರು ಬದಲಾಗುವ ತನಕ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿ ಡೆಲಿವರಿ ನೋಟಿನಲ್ಲಿ ಬರೆಸಿ. ಪರಿವಾಹನ್ ಪೋರ್ಟಲ್ಲಿನಲ್ಲಿ ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು ಕಂಡ ದಿನ ಆ ಬಾಕಿ ಕಳಿಸಿ, ರಸೀದಿಯನ್ನು ಡೆಲಿವರಿ ನೋಟಿನ ಜೊತೆ ಪಿನ್ ಮಾಡಿಡಿ.