ಕುಸುಬಿ ಎಣ್ಣೆಯೂ ಮಿಳ್ಳೆಯ ತುಪ್ಪವೂ

ಅಡುಗೆಗೆ ಯಾವ ಎಣ್ಣೆ ಒಳ್ಳೆಯದು ಎಂದು ಯಾರನ್ನು ಕೇಳಿದರೂ ಈಗ ಸಿಗುವ ಸಿದ್ಧ ಉತ್ತರ, ‘ಹಿಂದಿನವರು ತಿನ್ನುತ್ತಿದ್ದದ್ದು’. ಬಡಾವಣೆಗೊಂದರಂತೆ ಗಾಣದ ಎಣ್ಣೆಯ ಅಂಗಡಿಗಳು ತೆರೆದಿವೆ. ತುಪ್ಪ ಎಷ್ಟು ತಿಂದರೂ ಬಾಧಕವಿಲ್ಲವೆನ್ನುವ ವಿಡಿಯೊಗಳು ದಿನವೂ ಮೊಬೈಲಿಗೆ ಬಂದು ಬೀಳುತ್ತವೆ. ಹಿಂದಿನವರ ಊಟದ ಬಗ್ಗೆ ನನಗೂ ಗೌರವವಿದೆ. ಆದರೆ ಅವರು ಯಾವ ಜಿಡ್ಡನ್ನು ತಿಂದರು ಎಂದಷ್ಟೇ ನೋಡಿ, ಯಾವುದರ ಸಂಗಡ ತಿಂದರು, ಎಷ್ಟು ತಿಂದರು ಎಂಬುದನ್ನು ಮರೆತರೆ ಆ ಗೌರವ ಅರ್ಧವೇ ಸರಿ. ನಾನು ಚೆನ್ನಾಗಿ ಬಲ್ಲ ಉತ್ತರ ಕರ್ನಾಟಕದ ಎರೆಸೀಮೆಯ ಊಟವನ್ನೇ ಇಲ್ಲಿ ಎತ್ತಿಕೊಳ್ಳುತ್ತೇನೆ.

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಜೋಳ, ಕಡಲೆ ಬಿತ್ತುವಾಗ ಅಕ್ಕಡಿ ಸಾಲಾಗಿಯೋ ಹೊಲದ ಅಂಚಿಗೋ ಕುಸುಬಿ ಹಾಕುತ್ತಿದ್ದರು. ಮುಳ್ಳಿನ ಗಿಡವಾದ್ದರಿಂದ ಬೆಳೆದು ನಿಂತ ಮೇಲೆ ಅದನ್ನು ದಾಟಿ ದನಗಳು ಒಳಗೆ ನುಗ್ಗುತ್ತಿರಲಿಲ್ಲ. ಎಳೆಯ ಎಲೆ ಪಲ್ಯಕ್ಕೆ, ಕಾಳು ಗಾಣಕ್ಕೆ. ಆ ಕಾಳಿನ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಅಂದರೆ ಒಮೆಗಾ-6 ವರ್ಗದ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು. ರಕ್ತದ ಕೊಲೆಸ್ಟರಾಲನ್ನು ಇಳಿಸುವ ಗುಣ ಅದಕ್ಕಿದೆ. ನಗರಗಳಲ್ಲಿ ಅದು ‘ಹೃದಯದ ಎಣ್ಣೆ’ ಎಂದು ಹೆಸರಾದದ್ದೂ ಅದರಿಂದಲೇ.

ಈ ಹೆಸರಿನ ಮಿತಿಯನ್ನು ತೋರಿಸುವ ಒಂದು ಪ್ರಯೋಗ ದೂರದ ಸಿಡ್ನಿಯಲ್ಲಿ ನಡೆಯಿತು. 1966ರಿಂದ 1973ರವರೆಗೆ, ಆಗಷ್ಟೇ ಹೃದಯಾಘಾತದಂಥ ತೊಂದರೆಗೆ ಒಳಗಾಗಿದ್ದ 458 ಗಂಡಸರಲ್ಲಿ ಒಂದು ಗುಂಪಿಗೆ ಪ್ರಾಣಿಜನ್ಯ ಕೊಬ್ಬಿನ ಬದಲು ಕುಸುಬಿ ಎಣ್ಣೆಯನ್ನೂ ಅದರಿಂದಲೇ ಮಾಡಿದ, ಬೆಣ್ಣೆಯಂಥ ಮಾರ್ಗರೀನನ್ನೂ ಕೊಡಲಾಯಿತು. ಹಳೆಯ ದಾಖಲೆಗಳನ್ನು ಮತ್ತೆ ಹೊರತೆಗೆದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದಾಗ ಕಂಡದ್ದೇನೆಂದರೆ, ಆ ಗುಂಪಿನವರ ಕೊಲೆಸ್ಟರಾಲ್ ಇಳಿದಿತ್ತು, ಸಾವು ಮಾತ್ರ ಹೆಚ್ಚಿತ್ತು. ಮಾರ್ಗರೀನಿನಲ್ಲಿದ್ದಿರಬಹುದಾದ ಟ್ರಾನ್ಸ್ ಕೊಬ್ಬೇ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು) ಇದಕ್ಕೆ ಕಾರಣವೆಂದು ವಾದಿಸುವವರಿದ್ದಾರೆ. ತುಪ್ಪ, ಬೆಣ್ಣೆಗಳಲ್ಲಿ ಹೆಚ್ಚಿರುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿನ ಜಾಗದಲ್ಲಿ ಅಪರ್ಯಾಪ್ತ ಕೊಬ್ಬು ಬಂದರೆ ಹೃದಯಕ್ಕೆ ಒಳ್ಳೆಯದೆಂಬ ಸಾಮಾನ್ಯ ಸಲಹೆ ಇಂದಿಗೂ ಉಳಿದಿದೆ, ಈ ಒಂದು ಪ್ರಯೋಗದಿಂದ ಅದೇನೂ ಬಿದ್ದುಹೋಗಲಿಲ್ಲ. ನನಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆ: ಊಟದಿಂದ ಒಂದೇ ಎಣ್ಣೆಯನ್ನು ಬಿಡಿಸಿ ತೆಗೆದು ಅದನ್ನೇ ಔಷಧದಂತೆ ಕುಡಿಸಿದರೆ ಫಲವೂ ಬೇರೆಯಾಗಬಹುದು.

ಎರೆಸೀಮೆಯ ತಾಟಿನಲ್ಲಿ ಕುಸುಬಿ ಎಣ್ಣೆ ಎಂದೂ ಒಂಟಿಯಾಗಿ ಇರಲಿಲ್ಲ. ಬಿಸಿ ಜೋಳದ ರೊಟ್ಟಿಯ ಪಕ್ಕದಲ್ಲಿ ಅಗಸಿ ಚಟ್ನಿಯೋ ಗುರೆಳ್ಳು ಚಟ್ನಿಯೋ ಇರುತ್ತಿತ್ತು; ಆ ಪುಡಿಯ ನಡುವೆ ಬೆರಳಿನಿಂದ ಕುಣಿ ಮಾಡಿ, ಅದರೊಳಗೆ ಹಸಿ ಎಣ್ಣೆ ಬಿಟ್ಟುಕೊಂಡು, ಇಲ್ಲವೇ ಗಟ್ಟಿ ಮೊಸರು ಹಾಕಿಕೊಂಡು ಕಲಸಿ ರೊಟ್ಟಿಗೆ ಹಚ್ಚಿ ತಿನ್ನುವುದು ವಾಡಿಕೆ. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಒಮೆಗಾ-3 ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ, ಕುಸುಬಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆನ್ನುವಂಥದ್ದು. ಅಗಸಿಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಹುರಿದು ಕುಟ್ಟಿದರೆ ಮಾತ್ರ ಮೈಗೆ ದಕ್ಕುತ್ತದೆ. ಗಾಳಿಗೆ, ಬಿಸಿಗೆ ಅದರ ಎಣ್ಣೆ ಬೇಗ ಕೆಡುವುದರಿಂದ ಕರಿಯಲು ಅದು ಒದಗದು. ಪುಡಿಯಾಗಿ, ಸ್ವಲ್ಪಸ್ವಲ್ಪವೇ ಮಾಡಿಟ್ಟುಕೊಂಡು ತಿನ್ನುವುದೇ ಸರಿಯಾದ ಕ್ರಮ. ರಸಾಯನಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ, ಮಾಡುವ ರೀತಿ ಗೊತ್ತಿತ್ತು. ಸಸ್ಯದ ಒಮೆಗಾ-3 ಮೀನಿನದಕ್ಕೆ ಪೂರ್ತಿ ಬದಲಿಯಲ್ಲ, ಶರೀರ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಮಾರ್ಪಡಿಸಿಕೊಳ್ಳುತ್ತದೆ ಎಂಬುದನ್ನೂ ಹೇಳಿಬಿಡಬೇಕು.

ತುಪ್ಪದ ಮಾತು ಇನ್ನೂ ಸ್ಪಷ್ಟ. ಹಬ್ಬದೂಟಕ್ಕೆ ಕೂತಾಗ ತುಪ್ಪ ಬಡಿಸಲು ತರುತ್ತಿದ್ದದ್ದು ಮಿಳ್ಳೆ, ಮೂತಿಯಿರುವ ಪುಟ್ಟ ಪಾತ್ರೆ. ಬಡಿಸುವವರು ಸಾಲಿನುದ್ದಕ್ಕೂ ಎಲೆಯಿಂದ ಎಲೆಗೆ ಅದನ್ನು ಬಾಗಿಸುತ್ತ ಹೋಗುತ್ತಾರೆ, ಸಣ್ಣ ಮೂತಿಯಿಂದ ಬೀಳುವುದು ಒಂದು ಎಳೆ. ಹೋಳಿಗೆಯ ದಿನ ಕೈ ಧಾರಾಳವಾಗುತ್ತಿತ್ತು, ಅದು ನಿಜ; ಆದರೆ ಅಂಥ ದಿನಗಳು ವರ್ಷದಲ್ಲಿ ಎಷ್ಟು? ಬಾಣಲೆ ಇಟ್ಟು ಕರಿಯುವುದೂ ಹಬ್ಬ ಹುಣ್ಣಿಮೆಗೆ ಮೀಸಲಾಗಿತ್ತು. ತುಪ್ಪದಲ್ಲಿ ಸುಮಾರು 60 ಪ್ರತಿಶತ ಪರ್ಯಾಪ್ತ ಕೊಬ್ಬು. ಮಿಳ್ಳೆಯ ಅಳತೆಯಲ್ಲಿ ಅದು ದೋಷವಲ್ಲ. ಬೆಳಿಗ್ಗೆ ಎದ್ದು ಕಾಫಿಗೆ ಎರಡು ಚಮಚ ಸುರಿದುಕೊಳ್ಳುವವರು ಮಾತ್ರ ಹಿರಿಯರ ಹೆಸರು ಹೇಳದಿರುವುದು ಒಳಿತು.

ಕೆಟ್ಟದ್ದು ಬಂದದ್ದು ಹೆಚ್ಚಾಗಿ ಡಬ್ಬಿಯಲ್ಲಿ. ನಿಕ್ಕಲ್ ವೇಗವರ್ಧಕದ ನೆರವಿನಿಂದ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡಿದ ವನಸ್ಪತಿ, ತುಪ್ಪದ ಬಣ್ಣ ರೂಪಗಳನ್ನು ಪಡೆದು ದಶಕಗಳ ಕಾಲ ಸಿಹಿತಿಂಡಿ, ಬೇಕರಿಗಳಲ್ಲಿ ನಡೆಯಿತು. ಅದರ ಟ್ರಾನ್ಸ್ ಕೊಬ್ಬಿನ ಮಿತಿಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಂತಹಂತವಾಗಿ ಇಳಿಸಿ 2022ರ ಜನವರಿಯಿಂದ 2 ಪ್ರತಿಶತಕ್ಕೆ ತಂದಿದೆ. ಇತ್ತ 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆ ಮನೆಮನೆಗೂ ಬಂತು. ಅಕ್ಕಡಿಯ ಕುಸುಬಿ ಅಂಥ ಪೈಪೋಟಿಯಲ್ಲಿ ನಿಲ್ಲುವ ಬೆಳೆಯಾಗಿರಲಿಲ್ಲ, ಅದರ ಮುಳ್ಳಿನ ನಡುವೆ ಕೊಯ್ಲು ಮಾಡಲು ಆಳುಗಳೂ ಒಪ್ಪುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2010ರಲ್ಲಿ ಕೊಟ್ಟ ಲೆಕ್ಕದಂತೆ ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಎಣ್ಣೆ-ತುಪ್ಪ ಸಾಕು. ಇಬ್ಬರೇ ಇರುವ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ ಒಂದೂವರೆ ಲೀಟರ್, ತುಪ್ಪವೂ ಸೇರಿ. ಗಾಣದ್ದಾಗಲಿ ಗಿರಣಿಯದ್ದಾಗಲಿ ಎಣ್ಣೆಯ ಒಂದು ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಅದರಲ್ಲಿ ರಿಯಾಯಿತಿ ಇಲ್ಲ. ನಮ್ಮ ಮನೆಯಲ್ಲಿ ಈಗ ಶೇಂಗಾ ಎಣ್ಣೆ ಒಗ್ಗರಣೆಗೆ, ಸಿಕ್ಕಾಗ ಕುಸುಬಿ ಎಣ್ಣೆ ಚಟ್ನಿಯ ಮೇಲೆ ಹಸಿಯಾಗಿ. ತಿಂಗಳ ಸಾಮಾನಿನ ಪಟ್ಟಿಯಲ್ಲಿ ಎಣ್ಣೆಯ ಸಾಲನ್ನು ಒಂದೂವರೆ ಲೀಟರಿಗೆ ನಿಲ್ಲಿಸಿದ್ದೇವೆ. ತಿಂಗಳು ಮುಗಿಯುವ ಮೊದಲೇ ತೀರಿದರೆ ಉಳಿದ ದಿನ ಬೇಯಿಸಿದ್ದೇ ಊಟ.